ಹಳೆಯ ಫೆಲ್ಟ್ ಟೋಪಿ ಹಾಕಿಕೊಂಡರೆ ಹುಚ್ಚು ಹಿಡಿಯುತ್ತದೆಯೇ?

‘ಹಳೆಯ ಕಾಲದ ಇಂಗ್ಲಿಷ್ ಟೋಪಿಗಳಲ್ಲಿ ಪಾದರಸ ಇರುತ್ತಿತ್ತು, ಅದನ್ನು ಹಾಕಿಕೊಂಡವರಿಗೆ ಹುಚ್ಚು ಹಿಡಿಯುತ್ತಿತ್ತು’ ಎಂಬ ಮಾತನ್ನು ನೀವೂ ಓದಿರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ತಪ್ಪು. ಹಳೆಯ ಫೆಡೋರಾ, ಬೌಲರ್ ಟೋಪಿಗಳನ್ನು ಕೊಂಡು ಸಂಗ್ರಹಿಸುವವರು ಈ ವ್ಯತ್ಯಾಸವನ್ನು ತಿಳಿದಿರಲೇಬೇಕು.

ಪಾದರಸ ಬಂದದ್ದು ಹೇಗೆ?

ಉಣ್ಣೆಯ ಸ್ವೆಟರನ್ನು ಬಿಸಿ ನೀರಿನಲ್ಲಿ ತಿಕ್ಕಿ ತೊಳೆದರೆ ಅದು ಕುಗ್ಗಿ ದಪ್ಪಗಾಗುತ್ತದೆ. ಉಣ್ಣೆಯ ಎಳೆಗಳ ಮೇಲಿರುವ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ಹೀಗೆ ನೇಯದೆ, ಹೆಣೆಯದೆ ಆಗುವ ಬಟ್ಟೆಯೇ ಫೆಲ್ಟ್.

ಆದರೆ ದುಬಾರಿ ಟೋಪಿಗಳನ್ನು ಮಾಡುತ್ತಿದ್ದದ್ದು ಮೊಲ ಅಥವಾ ಬೀವರ್ ಪ್ರಾಣಿಯ ತುಪ್ಪಳದಿಂದ. ಮೊಲದ ತುಪ್ಪಳ ಸುಲಭವಾಗಿ ಹೀಗೆ ಸಿಕ್ಕಿಕೊಳ್ಳುವುದಿಲ್ಲ. ಅದಕ್ಕಾಗಿ ಪಾದರಸದ ನೈಟ್ರೇಟ್ ದ್ರಾವಣವನ್ನು ಸವರುತ್ತಿದ್ದರು. ಒಣಗಿದಾಗ ತುಪ್ಪಳದ ತುದಿ ಕ್ಯಾರೆಟ್ ಬಣ್ಣಕ್ಕೆ ತಿರುಗುತ್ತಿದ್ದುದರಿಂದ ಈ ಕೆಲಸಕ್ಕೆ ‘ಕ್ಯಾರಟಿಂಗ್’ ಎಂದೇ ಹೆಸರು ಬಂತು.

ಕಾಯಿಲೆ ಬಿದ್ದವರು ಯಾರು?

ಟೋಪಿ ಹಾಕಿಕೊಂಡವರಲ್ಲ, ಮಾಡಿದವರು. ಗಾಳಿಯಾಡದ ಕೋಣೆಗಳಲ್ಲಿ ಬಿಸಿ ನೀರು ಮತ್ತು ಹಬೆಯಿಂದ ಫೆಲ್ಟ್‌ಗೆ ಆಕಾರ ಕೊಡುವಾಗ ಪಾದರಸ ಆವಿಯಾಗಿ ಏಳುತ್ತಿತ್ತು. ಉಸಿರಿನ ಮೂಲಕ ಒಳಹೋದ ಪಾದರಸದ ಆವಿಯಲ್ಲಿ ಸುಮಾರು 80% ಭಾಗ ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರುತ್ತದೆ. ವರ್ಷಗಟ್ಟಲೆ ಹೀಗೆ ಉಸಿರಾಡಿದ ಕೆಲಸಗಾರರಿಗೆ ಕೈ ನಡುಕ, ವಸಡಿನ ಊತ, ಸಿಡುಕು, ಅತಿಯಾದ ಸಂಕೋಚ, ಮರೆವು ಬರುತ್ತಿದ್ದವು. ಟೋಪಿ ಕಾರ್ಖಾನೆಗಳಿಗೆ ಹೆಸರಾಗಿದ್ದ ಅಮೆರಿಕದ ಡ್ಯಾನ್‌ಬರಿ ಊರಿನಲ್ಲಿ ಈ ರೋಗಕ್ಕೆ ‘ಡ್ಯಾನ್‌ಬರಿ ನಡುಕ’ ಎಂದೇ ಹೆಸರಿತ್ತು. ಅಮೆರಿಕದಲ್ಲಿ ಟೋಪಿ ಮಾಡಲು ಪಾದರಸ ಬಳಸುವುದು ನಿಂತಿದ್ದು 1941ರ ಕೊನೆಯಲ್ಲಿ.

ಲೂಯಿಸ್ ಕ್ಯಾರಲ್ 1865ರಲ್ಲಿ ಪ್ರಕಟಿಸಿದ ಆಲಿಸ್ ಕಥೆಯಿಂದ ‘ಹುಚ್ಚು ಟೋಪಿಗಾರ’ ಎಂಬ ಮಾತು ಹುಟ್ಟಿತು ಎನ್ನುವವರೂ ಇದ್ದಾರೆ. ಅದು ತಪ್ಪು. ‘ಟೋಪಿಗಾರನಷ್ಟು ಹುಚ್ಚು’ ಎಂಬ ಇಂಗ್ಲಿಷ್ ನುಡಿಗಟ್ಟು ಅದಕ್ಕೂ ಮೊದಲೇ ಅಚ್ಚಿನಲ್ಲಿತ್ತು.

ಹಾಗಾದರೆ ಈಗ ಭಯವಿಲ್ಲವೇ?

ಪೂರ್ತಿ ಹಾಗೂ ಹೇಳಲಾಗದು. ವಸ್ತುಸಂಗ್ರಹಾಲಯಗಳಲ್ಲಿ ಎಕ್ಸ್-ರೇ ಉಪಕರಣದಿಂದ ಪರೀಕ್ಷಿಸಿದಾಗ ಹಲವು ಹಳೆಯ ತುಪ್ಪಳದ ಟೋಪಿಗಳಲ್ಲಿ ಇಂದಿಗೂ ಪಾದರಸ ಸಿಕ್ಕಿದೆ. ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಇದನ್ನು ಮನೆಯಲ್ಲಿ ಪತ್ತೆ ಮಾಡಲಾಗದು. ಅಪರೂಪಕ್ಕೊಮ್ಮೆ ಹಾಕಿಕೊಂಡ ಮಾತ್ರಕ್ಕೆ ಹುಚ್ಚು ಹಿಡಿಯುವುದಿಲ್ಲ. ಆದರೆ ಸಂಗ್ರಹಕಾರರು ಸಾಮಾನ್ಯವಾಗಿ ಮಾಡುವ ಒಂದು ಕೆಲಸವೇ ಅಪಾಯದ್ದು: ಸೊಟ್ಟಗಾದ ಟೋಪಿಯನ್ನು ಕುದಿಯುವ ಕೆಟಲ್‌ನ ಹಬೆಗೆ ಹಿಡಿದು ಸರಿಮಾಡುವುದು. ಅಂದಿನ ಕೆಲಸಗಾರರಿಗೆ ವಿಷ ತಗುಲಿದ್ದೂ ಹೀಗೆ ಬಿಸಿಯಾದ ಫೆಲ್ಟ್‌ನಿಂದಲೇ.

ನೆನಪಿಡಬೇಕಾದದ್ದು

• ಹಳೆಯ, ಅಥವಾ ಕಾಲ ಗೊತ್ತಿಲ್ಲದ ತುಪ್ಪಳದ ಟೋಪಿಗೆ ಮನೆಯಲ್ಲಿ ಹಬೆ, ಇಸ್ತ್ರಿ ಬೇಡ. ಬಿಸಿಲಲ್ಲಿ ನಿಂತ ಕಾರಿನಲ್ಲೂ ಇಡಬೇಡಿ.
• ಒಳಗಿನ ಚರ್ಮದ ಪಟ್ಟಿಯ ಮೇಲೆ ‘ಫರ್ ಫೆಲ್ಟ್’, ‘ವೂಲ್ ಫೆಲ್ಟ್’ ಎಂದು ಬರೆದಿದೆಯೇ ನೋಡಿ. ಕುರಿಯ ಉಣ್ಣೆಗೆ ಕ್ಯಾರಟಿಂಗ್ ಬೇಕಿರಲಿಲ್ಲ.
• ಧೂಳು ಒರೆಸುವಾಗ ಮಾಸ್ಕ್, ಕೈಗವಸು ಇರಲಿ. ಕೆಲಸವನ್ನು ಮನೆಯ ಹೊರಗೆ, ಗಾಳಿಯಾಡುವ ಕಡೆ ಮಾಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.
• ಮಕ್ಕಳ ಆಟಕ್ಕೆ, ನಾಟಕದ ವೇಷಕ್ಕೆ ಇಂಥ ಟೋಪಿ ಕೊಡಬೇಡಿ. ಹೊಸದನ್ನೇ ಕೊಡಿ.

ಹಳೆಯ ಟೋಪಿ ಕಪಾಟಿನಲ್ಲಿ ಇರಲಿ, ಆದರೆ ಕೆಟಲ್‌ನಿಂದ ದೂರವಿರಲಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನೂ ಸೇರಿಸಿ ಕಳಿಸಿ ಎಂಬುದಷ್ಟೇ ನಮ್ಮ ಕೋರಿಕೆ.