ಡೆಬಿಯನ್ ಮೇಂಟೇನರ್

ಡೆಬಿಯನ್ ಲಿನಕ್ಸ್ ಯೋಜನೆಯಲ್ಲಿ ಗೊತ್ತುಪಡಿಸಿದ ಪ್ಯಾಕೇಜುಗಳನ್ನಷ್ಟೇ ತಾವಾಗಿಯೇ ಅಪ್‌ಲೋಡ್ ಮಾಡಬಲ್ಲ ಕೊಡುಗೆದಾರರ ಸ್ಥಾನ. 2007ರಲ್ಲಿ ಯೋಜನೆಯ ಸದಸ್ಯರು ಮತ ಹಾಕಿ ಇದನ್ನು ಒಪ್ಪಿದರು.

ಅದಕ್ಕೂ ಮೊದಲು ಪೂರ್ಣ ಸದಸ್ಯತ್ವವಿಲ್ಲದವರು ಒಂದು ಅಕ್ಷರದೋಷ ತಿದ್ದಿದರೂ, ಅದನ್ನು ಪರಿಶೀಲಿಸಿ ಸಹಿ ಹಾಕುವ ಡೆವಲಪರ್ (ಪೂರ್ಣ ಸದಸ್ಯ) ಒಬ್ಬರ ಬಿಡುವಿಗಾಗಿ ಕಾಯಬೇಕಿತ್ತು. ವರ್ಷಗಟ್ಟಲೆ ಒಂದೇ ಪ್ಯಾಕೇಜನ್ನು ಅಕ್ಕರೆಯಿಂದ ನೋಡಿಕೊಂಡವರಿಗೆ ಇದು ನ್ಯಾಯವಾಗಿರಲಿಲ್ಲ.

ಆರಂಭದಲ್ಲಿ ಅಪ್‌ಲೋಡ್ ಅನುಮತಿಯನ್ನು ಸೂಚಿಸಲು ಪ್ಯಾಕೇಜಿನ ವಿವರಗಳಿರುವ ಕಂಟ್ರೋಲ್ ಕಡತದಲ್ಲೇ ‘ಡಿಎಂ-ಅಪ್‌ಲೋಡ್-ಅಲೋಡ್: ಯೆಸ್’ ಎಂಬ ಸಾಲು ಇರುತ್ತಿತ್ತು. 2012ರಲ್ಲಿ ಪದ್ಧತಿ ಬದಲಾಯಿತು. ಡೆವಲಪರ್ ಒಬ್ಬರು ಕೊಡುಗೆದಾರರ ಜಿಪಿಜಿ (ಡಿಜಿಟಲ್ ಸಹಿಯ) ಕೀಲಿಯ ಗುರುತನ್ನೂ ಪ್ಯಾಕೇಜಿನ ಹೆಸರನ್ನೂ ಪುಟ್ಟ ಆದೇಶ ಕಡತದಲ್ಲಿ ಬರೆದು, ಡಿಜಿಟಲ್ ಸಹಿ ಹಾಕಿ ಕಳಿಸಿದರೆ ಅನುಮತಿ ಸಿಗುತ್ತದೆ. ಅದೇ ದಾರಿಯಲ್ಲಿ ಹಿಂಪಡೆಯಲೂಬಹುದು.

ಹೊಸ ಪ್ಯಾಕೇಜು ಸೇರಿಸುವ, ಯೋಜನೆಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಡೆಬಿಯನ್ ಮೇಂಟೇನರ್‌ಗಳಿಗಿಲ್ಲ.