ರಹದಾರಿ

ಪರದೇಶಕ್ಕೆ ಹೊರಟವನ ಕೈಯಲ್ಲಿರಬೇಕಾದ ಪಾಸ್‌ಪೋರ್ಟಿಗೆ ನಮ್ಮ ಪತ್ರಿಕೆಗಳು ಬಳಸುವ ‘ರಹದಾರಿ’ ಎಂಬ ಹೆಸರನ್ನು ಕೇಳಿದೊಡನೆ, ಅದರ ಉತ್ತರಾರ್ಧದಲ್ಲಿ ನಮ್ಮದೇ ‘ದಾರಿ’ ಅಡಗಿದೆಯೆಂದು ಕನ್ನಡದ ಕಿವಿ ಸಹಜವಾಗಿ ಭ್ರಮಿಸುತ್ತದೆ. ಆದರೆ ಪಾರಸಿಯಿಂದ ಬಂದ ಈ ಶಬ್ದದಲ್ಲಿ ಮಾರ್ಗವೆಂಬ ಅರ್ಥವುಳ್ಳುದು ‘ರಾಹ್’ ಎಂಬ ಪೂರ್ವಪದವೇ ಹೊರತು, ಜಮೀನ್ದಾರಿ, ಜವಾಬ್ದಾರಿಗಳಲ್ಲಿರುವಂತೆ ಧಾರಣವನ್ನು ಸೂಚಿಸುವ ‘ದಾರಿ’ಯಲ್ಲ. ಮೊಗಲರ ಆಳಿಕೆಯಲ್ಲಿ ವರ್ತಕರ ಸರಕಿನ ಮೇಲೆ ಹಾದಿಯಲ್ಲಿ ವಸೂಲಾಗುತ್ತಿದ್ದ ಸುಂಕಕ್ಕೆ ಸಲ್ಲುತ್ತಿದ್ದ ಈ ಹೆಸರು ಸಂಚಾರದ ಅನುಮತಿಪತ್ರಕ್ಕೂ ಸಂದಿತು. ಬಸ್ಸು ಲಾರಿಗಳ ಪರ್ಮಿಟ್ಟಿಗೆ ನಮ್ಮ ಸಾರಿಗೆ ಇಲಾಖೆಯಲ್ಲಿ ಇಂದಿಗೂ ಇದೇ ಮಾತು.

ರಹದಾರಿಯನ್ನೂ ವೀಸಾವನ್ನೂ ಪರ್ಯಾಯಪದಗಳಂತೆ ಬಳಸುವುದು ಸಲ್ಲದು. ಮೊದಲನೆಯದನ್ನು ಕೊಡುವುದು ಸ್ವರಾಷ್ಟ್ರ. ‘ನೋಡಲ್ಪಟ್ಟ ಪತ್ರ’ವೆಂಬ ಅರ್ಥದ ಲ್ಯಾಟಿನ್ ನುಡಿಯಿಂದ ಹುಟ್ಟಿ ಫ್ರೆಂಚಿನ ಮೂಲಕ ಬಂದ ಎರಡನೆಯದನ್ನು ಕೊಡುವುದು ಹೋಗಬೇಕಾದ ರಾಷ್ಟ್ರ. ದುಬಾಯಿಯ ಭಾರತೀಯ ಕಾನ್ಸುಲೇಟು ಅಲ್ಲಿ ನೆಲೆಸಿರುವ ಮಂಗಳೂರಿಗನ ರಹದಾರಿಯ ಅವಧಿ ತೀರಿದಾಗ ಹೊಸತನ್ನು ಕೊಡುತ್ತದೆ, ಅಲ್ಲಿಯೇ ಹುಟ್ಟಿದ ಅವನ ಕೂಸಿನ ಜನನವನ್ನು 1955ರ ಪೌರತ್ವ ಕಾಯಿದೆಯಂತೆ ನೋಂದಾಯಿಸುತ್ತದೆ. ಭಾರತಕ್ಕೆ ಬರಬಯಸುವ ಅನ್ಯದೇಶೀಯನಿಗಾದರೋ ಅದೇ ಕಚೇರಿಯಿಂದ ದೊರೆಯುವುದು ವೀಸಾ. ಈ ಭೇದವನ್ನರಿಯದೆ ‘ಅಮೆರಿಕದ ರಹದಾರಿ ಸಿಕ್ಕಿತು’ ಎಂದು ಬರೆದರೆ, ವಿಹಾರಕ್ಕೆ ಹೊರಟ ಬಡಪಾಯಿಯನ್ನು ಆ ದೇಶದ ಪ್ರಜೆಯನ್ನಾಗಿಯೇ ಮಾಡಿದಂತಾಗುತ್ತದೆ.

ಹಿಂದಿಯವರ ‘ಪಾರಪತ್ರ’ವನ್ನು ಎರವಲು ತರುವ ಆವಶ್ಯಕತೆಯೂ ಕಾಣದು, ಸುಂಕದ ಕಟ್ಟೆಯಿಂದ ವಿಮಾನನಿಲ್ದಾಣದವರೆಗೆ ನಡೆದುಬಂದಿರುವ ರಹದಾರಿಯೇ ನಮಗೆ ಸಾಕು.