ರಜಾಕಾರರ ವಿಚಾರಣೆಯೂ ನ್ಯಾಯಾಧೀಶನ ನಿರ್ಭಯತೆಯೂ

ಹೈದರಾಬಾದಿನ ನಾರಾಯಣಗೂಡದಲ್ಲಿ 1940ರಲ್ಲಿ ಸ್ಥಾಪಿತವಾದ ಕೇಶವ ಸ್ಮಾರಕ ವಿದ್ಯಾಲಯವು ನ್ಯಾಯಮೂರ್ತಿ ಕೇಶವರಾವ್ ಕೋರಟ್ಕರರ ನಾಮಧೇಯವನ್ನು ಧರಿಸಿದೆ. ಗುಲ್ಬರ್ಗದಲ್ಲಿ ವಕೀಲಿ ನಡೆಸಿ, ಅಲ್ಲಿಯ ನೂತನ ವಿದ್ಯಾಲಯದ ಸ್ಥಾಪಕರೆನಿಸಿ, ಮುಂದೆ ನಿಜಾಮ ಸಂಸ್ಥಾನದ ಹೈಕೋರ್ಟಿನ ಪೀಠವನ್ನೇರಿದ ಈ ಮಹನೀಯರು 1932ರಲ್ಲಿ ಕಾಲವಾದರು. ಅವರು ಅಲಂಕರಿಸಿದ್ದ ನ್ಯಾಯಾಂಗವು ಮುಂದಿನ ಹದಿನಾರು ವರ್ಷಗಳಲ್ಲಿ ಕಠಿನ ಪರೀಕ್ಷೆಗೆ ಗುರಿಯಾಯಿತು.

1948ರಲ್ಲಿ ರಜಾಕಾರರ ಹಾವಳಿ ಮಿತಿಮೀರಿತು. ಬೀದರ ಸೀಮೆಯ ಗೋರಟಾದಲ್ಲಿ ರಕ್ತ ಹರಿಯಿತು. ಸಂಸ್ಥಾನದ ವಕೀಲರು ಪ್ರತಿಭಟನಾರ್ಥವಾಗಿ ನ್ಯಾಯಾಲಯಗಳನ್ನು ಬಹಿಷ್ಕರಿಸಿದರು. ಭಾರತದೊಡನೆ ವಿಲೀನವನ್ನು ಸಮರ್ಥಿಸಿದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು, ನಾರಾಯಣಗೂಡಕ್ಕೆ ಅನತಿದೂರದ ಕಾಚಿಗೂಡದಲ್ಲಿ ಆಗಸ್ಟ್ ತಿಂಗಳಲ್ಲಿ ಹತರಾದರು. ಇಂಥ ಕಾಲದಲ್ಲಿ ನ್ಯಾಯಾಧೀಶನ ಮೈಗೆ ಕತ್ತಿ ತಾಗಬೇಕೆಂದಿಲ್ಲ. ಸಾಕ್ಷಿ ಬಾರದಿದ್ದರೆ, ವಕೀಲ ನಿಲ್ಲದಿದ್ದರೆ ಪೀಠವು ತಾನಾಗಿಯೇ ಮೂಕವಾಗುತ್ತದೆ.

ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯ ತರುವಾಯ ಪರಿಸ್ಥಿತಿ ತಲೆಕೆಳಗಾಯಿತು. ರಜಾಕಾರರ ನಾಯಕ ಕಾಸಿಂ ರಜ್ವಿ ಸ್ವತಃ ಲಾತೂರಿನ ವಕೀಲ. 1948ರ ಜನವರಿ 10ರಂದು ಬೀಬಿನಗರದಲ್ಲಿ ನಡೆದ ಸುಲಿಗೆಗಾಗಿ ಆತನನ್ನು ಸೈನಿಕ ಗವರ್ನರರು ನೇಮಿಸಿದ ವಿಶೇಷ ನ್ಯಾಯಮಂಡಲಿಯು ವಿಚಾರಿಸಿತು. ಸಾಮಾನ್ಯ ನ್ಯಾಯಾಲಯದ ವಿಧಿವಿಧಾನಗಳಲ್ಲಿ ಕೆಲವನ್ನು ಅಲ್ಲಿ ಮೊಟಕುಗೊಳಿಸಲಾಗಿತ್ತು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದ ಮೇಲೆಯೂ ಅದೇ ವಿಚಾರಣೆ ಮುಂದುವರಿದುದು ಸಮಾನತೆಗೆ ಭಂಗವಲ್ಲವೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1953ರಲ್ಲಿ ಬಹುಮತದ ತೀರ್ಪು ವಿಚಾರಣೆಯನ್ನು ಎತ್ತಿಹಿಡಿಯಿತಾದರೂ ಪೀಠದೊಳಗೆ ಭಿನ್ನಮತವಿತ್ತು. ಜನರ ದ್ವೇಷಕ್ಕೆ ಪಾತ್ರನಾದ ಆರೋಪಿಯ ಪರವಾಗಿಯೂ ಪೀಠದಲ್ಲಿ ಭಿನ್ನಮತ ಏಳಲು ಸಾಧ್ಯವಾದುದು ಆ ನ್ಯಾಯಾಂಗದ ಆರೋಗ್ಯಲಕ್ಷಣವೇ ಸರಿ. ರಜ್ವಿಯು ಶಿಕ್ಷೆಯನ್ನನುಭವಿಸಿ 1957ರಲ್ಲಿ ಬಿಡುಗಡೆ ಹೊಂದಿ ಪಾಕಿಸ್ತಾನಕ್ಕೆ ತೆರಳಿದನು.

ಕತ್ತಿಯ ಭಯವು ಕೇವಲ ಕಲ್ಪಿತವೂ ಅಲ್ಲ. 1968ರಲ್ಲಿ ಮಕ್ಬೂಲ್ ಭಟ್ಟನಿಗೆ ಮರಣದಂಡನೆ ವಿಧಿಸಿದ ಕಾಶ್ಮೀರದ ನ್ಯಾಯಾಧೀಶ ನೀಲಕಂಠ ಗಂಜೂ ಅವರನ್ನು 1989ರ ನವೆಂಬರ್ 4ರಂದು ಶ್ರೀನಗರದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ತೀರ್ಪಿಗೂ ಹತ್ಯೆಗೂ ನಡುವೆ ಇಪ್ಪತ್ತೊಂದು ವರ್ಷಗಳ ಅಂತರ. ಅಧಿಕಾರಿಗೆ ನಿವೃತ್ತಿಯುಂಟು, ಆತನಿಗೊದಗಿದ ಅಪಾಯಕ್ಕೆ ನಿವೃತ್ತಿಯಿಲ್ಲ.

ಹಾಗಾದರೆ ನ್ಯಾಯಾಧೀಶನನ್ನು ಮರೆಮಾಡುವುದೇ ಪರಿಹಾರವೆ? ಪೆರು ದೇಶವು 1992ರಲ್ಲಿ ಈ ಮಾರ್ಗವನ್ನು ಹಿಡಿಯಿತು. ಭಯೋತ್ಪಾದಕರ ಮೊಕದ್ದಮೆಗಳಲ್ಲಿ ನ್ಯಾಯಾಧೀಶರು ಮುಖ ಕಾಣದ ಗಾಜಿನ ಹಿಂದೆ ಕುಳಿತು, ಯಂತ್ರದಿಂದ ಮಾರ್ಪಟ್ಟ ಧ್ವನಿಯಲ್ಲಿ ಮಾತನಾಡಿದರು. ತನ್ನನ್ನು ವಿಚಾರಿಸುವವನು ಯಾರು, ಆತನು ನಿಷ್ಪಕ್ಷಪಾತಿಯೆ ಎಂಬುದನ್ನು ಆರೋಪಿಯು ಅರಿಯುವಂತಿರಲಿಲ್ಲ. 1997ರಲ್ಲಿ ಆ ಪದ್ಧತಿ ಕೊನೆಗೊಂಡಿತು. 1999ರಲ್ಲಿ ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯವು ಅದನ್ನು ಖಂಡಿಸಿತು.

ಇದರಿಂದ ನ್ಯಾಯಾಧೀಶನಿಗೊದಗುವ ಅಪಾಯವು ಇಬ್ಬಗೆಯದೆಂದು ವಿದಿತವಾಗುತ್ತದೆ: ಹಿಂಸಾವಾದಿಯು ಆತನ ಪ್ರಾಣವನ್ನು ಬಯಸುತ್ತಾನೆ, ಭೀತವಾದ ರಾಜ್ಯವು ಆತನ ವಿವೇಚನೆಯನ್ನು ಬಯಸುತ್ತದೆ. ಮೊದಲನೆಯದಕ್ಕೆ ಕಾವಲು ಬೇಕು. ಅದು ನಿವೃತ್ತನ ಮನೆಯ ಬಾಗಿಲಿಗೂ ತಲುಪಬೇಕು. ಎರಡನೆಯದಕ್ಕೆ ಬೇಕಾದುದು ತೆರೆದ ನ್ಯಾಯಾಲಯ, ಕಾರಣಸಹಿತವಾದ ತೀರ್ಪು ಮತ್ತು ಮೇಲ್ಮನವಿಯ ಹಕ್ಕು. ಇವುಗಳಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಂಡರೆ ಪೀಠವು ಉಳಿದರೂ ನ್ಯಾಯವು ಉಳಿಯಲಾರದು.